ಕ್ಯಾಂಪರ್ ಗಾಡಿಯೊಳಗ ಗ್ಯಾಸ್ ಹೀಟರ್ ಬಂದ್ ಮಾಡೇನಿ, ಕರೆಂಟಿನ ಮ್ಯಾಲ ಥಂಡಿ ತಡಕೊಳ್ಳೂದು ಹೆಂಗ್ರಿ?

ಟಿಳಕವಾಡಿ ಟ್ರಾವೆಲರ್, ಬೆಳಗಾವಿ

ನಮಸ್ಕಾರ್ರೀ ಎಲ್ಲಾರಿಗೂ. ಮೊದಲನೇ ಸಲ ಇಷ್ಟುದ್ದ ಬರಿಯಾಕತ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮದೊಂದು ಹಳೇ ಟೆಂಪೋ ಟ್ರಾವೆಲರ್ ಐತಿ. ಸೀಟ್ ಎಲ್ಲಾ ತಗಸಿ ಎರಡು ಮಂಚ, ಒಂದು ಸಣ್ಣ ಅಡಗಿ ಕಟ್ಟಿ, ಮ್ಯಾಲ 400 ವ್ಯಾಟ್ ಸೋಲಾರ್, ಮಂಚದ ಕೆಳಗ 12 ವೋಲ್ಟಿನ 200 ಎಎಚ್ (ಆಂಪ್-ತಾಸು) ಲಿಥಿಯಂ ಬ್ಯಾಟರಿ, 2000 ವ್ಯಾಟಿನ ಇನ್ವರ್ಟರ್ ಹಾಕಿಸೇವಿ. ಆರ್‌ಟಿಓ ಕಾಗದಾನೂ ಆಗ್ಯಾವ, ಅದರ ಕತಿ ಮಾತ್ರ ಕೇಳಬ್ಯಾಡ್ರಿ.

ಹೋದ ವರ್ಷ ಡಿಸೆಂಬರ್‌ದಾಗ ಜಾಂಬೋಟಿ ಕಡೆ ದೋಸ್ತನ ಹೊಲದಾಗ ಗಾಡಿ ನಿಲ್ಲಿಸಿ ಮಲಗಿದ್ವಿ. ಅವ್ವಗ ಮೊಣಕಾಲ ಬ್ಯಾನಿ, ಥಂಡಿ ಆದ್ರ ರಾತ್ರಿಯೆಲ್ಲಾ ನಿದ್ದಿ ಇಲ್ಲ, ಅದಕ್ಕ ಸಣ್ಣ ಸಿಲಿಂಡರ್ ಮ್ಯಾಲ ನಡೆಯೂ ಗ್ಯಾಸ್ ಹೀಟರ್ ಒಂದು ತಂದಿದ್ದೆ, ಮುಂದ ಕೆಂಪಗ ಜಾಳಗಿ ಕಾಯ್ತೈತಲ್ಲ ಅದು. ಥಂಡಿ ಒಳಗ ಬರಬಾರದಂತ ಎಲ್ಲಾ ಕಿಡಕಿ ಬಂದ್ ಮಾಡಿ ಸಂದಿಗೆ ಬಟ್ಟಿ ತುರುಕಿದ್ವಿ (ಶ್ಯಾಣ್ಯಾತನ ನೋಡ್ರಿ ನಮ್ದು). ನಸುಕಿನ್ಯಾಗ ಮೂರರ ಸುಮಾರು ಮಗಳು ಎದ್ದು ವಾಂತಿ ಮಾಡ್ಕೊಂಡ್ಲು, ನನ್ನ ತಲಿ ಒಡದು ಹೋಗಾಕತ್ತಿತ್ತು, ಎದ್ದು ನಿಂತ್ರ ಕಾಲಾಗ ಶಕ್ತಿ ಇಲ್ಲ. ಹೆಂಡ್ತಿ ಹೆಂಗೋ ಬಾಗಲ ತಗದ್ಲು, ಅದಕ್ಕ ಇವತ್ತ ಇದನ್ನ ಬರಿಯಾಕತ್ತೇನಿ. ಡಾಕ್ಟರ್ ಹೇಳಿದ್ರು ಇನ್ನೊಂದು ತಾಸು ಆಗಿದ್ರ ಕಷ್ಟ ಇತ್ತು ಅಂತ.

ಈಗ ಜನೇವರಿದಾಗ ಹಿಮಾಚಲದ ಮನಾಲಿಗೆ ಹೋಗಿ ಅಟಲ್ ಟನಲ್ ದಾಟಿ ಸಿಸ್ಸು ಅನ್ನೂ ಊರಿನ ತನಕ ಹೋಗಬೇಕಂತ ಐತಿ. ಅವ್ವ, ಹೆಂಡ್ತಿ, ಮಗಳು, ನಾನು. ಗ್ಯಾಸ್ ಗಾಡಿಯೊಳಗ ಬ್ಯಾಡೇ ಬ್ಯಾಡ ಅಂತ ಮಾಡೇನಿ. ಇದ್ದ ಬ್ಯಾಟರಿ ಮ್ಯಾಲ ಯಾವ ಹೀಟರ್ ತೊಗೊಂಡ್ರ ರಾತ್ರಿ ಪೂರ್ತಿ ನಡೀತೈತಿ? ಬಳಸಿದವರು ಹೇಳ್ರಿ.

ಖಾನಾಪುರ ಕಾಡು

ಯಪ್ಪಾ, ಓದಿ ಮೈ ಝುಮ್ಮ ಅಂತ್ರಿ. ವೈನಿಯವರಿಗೆ ಒಂದು ದೊಡ್ಡ ನಮಸ್ಕಾರ ಹೇಳ್ರಿ.

ನವನಗರ ನಾಗ, ಬಾಗಲಕೋಟಿ

ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಅಣ್ಣಾ. ಇನ್ವರ್ಟರ್ 2000 ವ್ಯಾಟ್ ಐತಿ, ಹೀಟರೂ 2000 ವ್ಯಾಟಿಂದು ಸಿಗ್ತೈತಿ, ಅಂಗಡ್ಯಾಗ ದೀಡ್ ಸಾವಿರ ಕೊಟ್ಟು ಫ್ಯಾನ್ ಹೀಟರ್ ತೊಗೋರಿ, ಹಚ್ಚ್ರಿ, ಮಲಗ್ರಿ. ಸೋಲಾರ್ ಬ್ಯಾರೆ ಐತಿ, ಮುಂಜಾನೆ ತಾನ ತುಂಬ್ಕೋತೈತಿ.

ಉದ್ಯಮಬಾಗ ವೈಂಡರ್, ಬೆಳಗಾವಿ

ನಾಗಪ್ಪಾ, ತಡಿ ತಮ್ಮಾ. ಮೋಟರ್ ಸುತ್ತೂದು ನನ್ನ ಉದ್ಯೋಗ, ಮೂವತ್ತು ವರ್ಷ ಆತು, ಸುಟ್ಟ ವಾಸನಿ ಅಂದ್ರ ನನಗ ಊದಿನಕಡ್ಡಿ ಇದ್ದಂಗ. ನಿನ್ನ ಮಾತು ಕೇಳಿ ಈ ಮನಷ್ಯಾ ಸಿಸ್ಸುದಾಗ ಹೀಟರ್ ಹಚ್ಚಿದ್ರ ಒಂದ ತಾಸಿಗೆ ಬ್ಯಾಟರಿ ಖಾಲಿ. ಹೆಂಗಂದ್ರ, ಲೆಕ್ಕಾ ಮಾಡೂಣು.

12 ವೋಲ್ಟ್ ಅಂತ ಹೇಳ್ತೇವಿ, ಲಿಥಿಯಂ ಫಾಸ್ಫೇಟ್ ಬ್ಯಾಟರಿ ಖರೇ 12.8 ವೋಲ್ಟ್. ಅದಕ್ಕ 200 ಗುಣಿಸಿದ್ರ 2560 ವ್ಯಾಟ್-ತಾಸು, ಅಂದ್ರ ಹೆಸ್ಕಾಂ ಬಿಲ್ಲಿನ್ಯಾಗ ಬರೂ ಯೂನಿಟ್ ಎರಡೂವರಿ. 2000 ವ್ಯಾಟ್ ಹೀಟರ್, ಇನ್ವರ್ಟರ್ ತಿನ್ನೂದು ಬ್ಯಾರೆ, ಬ್ಯಾಟರಿಯಿಂದ 175 ಆಂಪ್ಸ್ ಮ್ಯಾಲೆ ಎಳೀತೈತಿ. ಭಾಳಷ್ಟು ಬ್ಯಾಟರಿ ಒಳಗಿನ ಬಿಎಂಎಸ್ (ಬ್ಯಾಟರಿ ಸಂಭಾಳಸೂ ಸರ್ಕ್ಯೂಟ್) ಅಷ್ಟಕ್ಕ ಬಿಡೂದ ಇಲ್ಲ, ಕಟ್ ಅಂತ ಆಫ್ ಆಗ್ತೈತಿ.

ಈಗ ಗ್ಯಾಸಿನ ಲೆಕ್ಕ. ಒಂದು ಕಿಲೋ ಎಲ್‌ಪಿಜಿ ಸುಟ್ರ ಹನ್ನೆರಡೂ ಮುಕ್ಕಾಲು ಯೂನಿಟ್ ಹತ್ತರ ಬಿಸಿ ಬರ್ತೈತಿ. ಅಂದ್ರ ಇವರು ಇಷ್ಟ್ ರೊಕ್ಕ ಸುರದು ಹಾಕಿಸಿದ ಅಷ್ಟೂ ಬ್ಯಾಟರಿಯೊಳಗ ಇರೂದು ಎಷ್ಟಂದ್ರ ಎರಡು ನೂರು ಗ್ರಾಮ್ ಗ್ಯಾಸು! ಚಾ ಮಾಡಾಕ ಒಯ್ಯೂ 5 ಕಿಲೋ ಸಿಲಿಂಡರ್ ಇರ್ತೈತಲ್ಲ, ಅದರಾಗ 64 ಯೂನಿಟ್. ಮಂದಿ ಗ್ಯಾಸ್ ಬಿಟ್ಟು ಕರೆಂಟಿಗೆ ಬರ್ತೀನಿ ಅಂತಾರಲ್ಲ, ಮೊದಲ ಈ ಎರಡು ನೂರು ಗ್ರಾಮ್ ತಲಿಯಾಗ ಇಟ್ಕೋಬೇಕು.

ಗಾಡಿಗೆ ಎಷ್ಟು ಬೇಕು ನೋಡ್ರಿ. ಟ್ರಾವೆಲರ್ ತಗಡು, ಕಾಚು, ನೆಲ, ಟಪ್ಪು ಎಲ್ಲಾ ಕೂಡಿ 45 ಚದರ ಮೀಟರ್ ಅನ್ರಿ. ಬರೇ ತಗಡು ಇದ್ರ ಹೊರಗಿಂತ ಒಳಗ ಹತ್ತು ಡಿಗ್ರಿ ಹೆಚ್ಚ ಇಡಾಕ ಎರಡು ಸಾವಿರ ವ್ಯಾಟಿಗೂ ಮ್ಯಾಲೆ ಬೇಕು. ಒಳಗ ಒಂದಿಂಚ ಫೋಮ್ ಛಲೋ ಹೊಡಿಸಿ ಕಿಡಕಿ ಮುಚ್ಚಿದ್ರ ಅದು 900ಕ್ಕ ಇಳೀಬಹುದು. ಇದು ಜಾಂಬೋಟಿ ಥಂಡಿಗೆ. ಸಿಸ್ಸುದಾಗ ಹೊರಗ ಮೈನಸ್ ಹತ್ತು, ಒಳಗ ಹದಿನೆಂಟು ಬೇಕಂದ್ರ ಫೋಮ್ ಹೊಡದ ಗಾಡಿಗೇ ಎರಡೂವರಿ ಸಾವಿರ ವ್ಯಾಟ್, ಎಂಟು ತಾಸಿಗೆ 20 ಯೂನಿಟ್. ನಿಮ್ಮಂಥಾ ಬ್ಯಾಟರಿ ಎಂಟು ಹಾಕಬೇಕು. ಹಾಕಿ ಮ್ಯಾಲ ಮಲಗೂದೆಲ್ಲಿ?

ನವನಗರ ನಾಗ

ಕಾಕಾ ನೀವು ಹಳೇ ಕಾಯಿಲ್ ಹೀಟರ್ ಲೆಕ್ಕಾ ಹೇಳಾಕತ್ತೀರಿ. ಈಗ ಸಿರಾಮಿಕ್ ಪಿಟಿಸಿ ಅಂತ ಬಂದಾವ, ಕರೆಂಟ್ ಅರ್ಧಾ ತಿಂತಾವ, ಬಿಸಿ ಅಷ್ಟೇ ಕೊಡ್ತಾವ. ಬಾಕ್ಸ್ ಮ್ಯಾಲೆ ಬರದಿರ್ತಾರ.

ಉದ್ಯಮಬಾಗ ವೈಂಡರ್

ಬಾಕ್ಸ್ ಮ್ಯಾಲೆ ಏನ್ ಬೇಕಾದ್ದು ಬರೀತಾರ ತಮ್ಮಾ, ಬಾಕ್ಸ್ ಬರಿಯಾಂವಗ ಥಂಡಿ ಹತ್ತೂದಿಲ್ಲ. ಒಂದು ಯೂನಿಟ್ ಸುಟ್ರ 860 ಕಿಲೋಕ್ಯಾಲೊರಿ. ಕಾಯಿಲ್ ಇರಲಿ, ಸಿರಾಮಿಕ್ ಇರಲಿ, ಎಣ್ಣಿ ತುಂಬಿದ ರೇಡಿಯೇಟರ್ ಇರಲಿ, ನಮ್ಮ ಅಂಗಡ್ಯಾಗಿನ ಸೋಲ್ಡರಿಂಗ್ ಕಡ್ಡಿ ಇರಲಿ, ಅಷ್ಟ. ಪಿಟಿಸಿದ್ದು ಒಳ್ಳೇ ಗುಣ ಬ್ಯಾರೆ ಐತಿ: ಕಾದಂಗ ಕಾದಂಗ ಅದರ ರೆಸಿಸ್ಟನ್ಸ್ ಏರಿ ತನ್ನಷ್ಟಕ್ಕ ಕರೆಂಟ್ ಕಡಿಮಿ ಮಾಡ್ಕೋತೈತಿ, ಮ್ಯಾಲ ಟಾವೆಲ್ ಬಿದ್ರೂ ಕಾಯಿಲಿನಂಗ ಕೆಂಪಾಗಿ ಹೊತ್ಕೊಳ್ಳೂದಿಲ್ಲ. ಗಾಡಿಯಂಥಾ ಇಕ್ಕಟ್ಟಿನ್ಯಾಗ ಅದಕ್ಕ ನಾನೂ ಓಟು ಹಾಕ್ತೇನಿ. ಉಳಿತಾಯ ಅಂತ ಮಾತ್ರ ಹೇಳಬ್ಯಾಡ.

ಇಳಕಲ್ ಅಕ್ಕ

ಎಲ್ಲಾರೂ ಗಾಡಿ ಬಿಸಿ ಮಾಡೂದು ಹೆಂಗ ಅಂತ ಹೇಳಾಕತ್ತೀರಿ, ಮಂದಿ ಬಿಸಿ ಇರೂದು ಹೆಂಗ ಅಂತ ಯಾರೂ ಹೇಳವಲ್ರಿ. ನಮ್ಮ ಅಜ್ಜಿ ಕಾಲಕ್ಕ ಮನಿಗೆ ಹೀಟರ್ ಇತ್ತೇನು? ಕೌದಿ ಇತ್ತು. ಹಳೇ ಇಳಕಲ್ ಸೀರಿ ನಾಕೈದು ಪದರು ಮಾಡಿ ಹೊಲದಿದ್ದು, ಹೊಚಗೊಂಡ್ರ ಮುಂಜಾನಿ ಎಬ್ಬಿಸಿದ್ರೂ ಏಳಬಾರದು.

ನಾನು ನಮ್ಮನಿಯವರು ಹಳೇ ಓಮ್ನಿಯೊಳಗ ಹಂಪಿ, ಬದಾಮಿ, ಒಮ್ಮೆ ಊಟಿ ತಿರಗೇವಿ. ನಾವು ತೊಗೊಂಡಿದ್ದು 12 ವೋಲ್ಟಿಂದು ಹಾಸೂ ಕಾಯೂ ಚಾದರ, ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ಅಂತಾರಲ್ಲ ಅದು. ಒಂದಕ್ಕ 50 ವ್ಯಾಟ್ ಅಷ್ಟ, ನಾಕು ಆಂಪ್ಸು. ಹೊಚಗೊಳ್ಳೂದಕ್ಕಿಂತ ಕೆಳಗ ಹಾಸಿದ್ರ ಛಲೋ, ಬಿಸಿ ಮ್ಯಾಲೆ ಬರ್ತೈತಿ, ಮ್ಯಾಲ ಕೌದಿ ತಡೀತೈತಿ. ಮಲಗೂ ಅರ್ಧ ತಾಸು ಮೊದಲ ಹಚ್ಚಿಬಿಡ್ರಿ, ಹಾಸಗಿ ಬಿಸಿ ಆಗಿರ್ತೈತಿ, ಆಮ್ಯಾಲೆ ಸಣ್ಣದಕ್ಕ ಇಡ್ರಿ. ವೈಂಡರ್ ಅಣ್ಣಾರ, ನಿಮ್ಮ ಎರಡೂವರಿ ಯೂನಿಟಿನ್ಯಾಗ ಇಂಥಾ ಮೂರು ಚಾದರ ರಾತ್ರಿ ಪೂರ್ತಿ ನಡೀತಾವೋ ಇಲ್ಲೋ ಹೇಳ್ರಿ?

ಇನ್ನೊಂದು, ವಯಸ್ಸಾದವರಿಗೆ ಆ ಚಾದರ ದೊಡ್ಡದಕ್ಕ ಇಟ್ಟು ಬಿಡಬ್ಯಾಡ್ರಿ. ಸಕ್ಕರಿ ಕಾಯಿಲೆ ಇದ್ದವರಿಗಂತೂ ಕಾಲಿಗೆ ಸುಟ್ಟದ್ದು ಗೊತ್ತಾಗೂದಿಲ್ಲ. ಮಡಚಿ ಇಡಬ್ಯಾಡ್ರಿ, ಒಳಗಿನ ತಂತಿ ಕಡೀತೈತಿ, ಸುತ್ತಿ ಇಡ್ರಿ.

ಉದ್ಯಮಬಾಗ ವೈಂಡರ್

ನಡೀತಾವ ತಂಗಿ, ಪೂರ್ತಿ ನಡೀತಾವ. ಮೂರು ಐವತ್ತಲೇ ನೂರೈವತ್ತು, ಎಂಟು ತಾಸಿಗೆ 1.2 ಯೂನಿಟ್, ಅರ್ಧಾ ಬ್ಯಾಟರಿ. ಥರ್ಮೋಸ್ಟಾಟ್ ಇದ್ರ ಅದಕ್ಕೂ ಕಡಿಮಿ. ಅದೂ ನೇರ 12 ವೋಲ್ಟ್, ಇನ್ವರ್ಟರ್ ಬ್ಯಾಡ, ಇನ್ವರ್ಟರ್ ತಿನ್ನೂದೂ ಉಳೀತು. ನಾನು ಇಷ್ಟುದ್ದ ಲೆಕ್ಕಾ ಬರದೆ, ನೀ ಕೌದಿಯೊಳಗ ಮುಗಿಸಿಬಿಟ್ಟಿ.

ಖಾನಾಪುರ ಕಾಡು

ರಬ್ಬರಿನ ಬಿಸಿನೀರ ಚೀಲ ಮರಿಬ್ಯಾಡ್ರಿ. ಧಾಬಾದಾಗ ಊಟಾ ಮಾಡಿ ಎದ್ದು ಬರೂಮುಂದ "ಅಣ್ಣಾ ಎರಡು ಲೀಟರ್ ಬಿಸಿನೀರ್ ಹಾಕು" ಅಂದ್ರ ಯಾರೂ ಇಲ್ಲ ಅನ್ನೂದಿಲ್ಲ. ಫೋಕಟ್ ಹೀಟರ್.

ಗುಮ್ಮಟದ ಹುಡುಗ, ವಿಜಯಪುರ

ಅಣ್ಣಾರ, ನಾ ಸೋಲಾರ್ ಫಿಟಿಂಗ್ ಮಾಡ್ತೀನಿ ಇಲ್ಲಿ, ಸ್ಟೇಷನ್ ರೋಡ್ ಬಾಜೂಕ ನಮ್ಮ ಅಂಗಡಿ ಅದ. ನಾಗಣ್ಣ "ಮುಂಜಾನೆ ತಾನ ತುಂಬ್ಕೋತದ" ಅಂದ್ರಲ್ಲ, ಅದರ ಬಗ್ಗೆ ಹೇಳ್ತೀನಿ. ನಮ್ಮ ವಿಜಯಪುರದಾಗ ಬಿಸಲಿಗೇನು ಬರ ಇಲ್ಲ, ಜನೇವರಿದಾಗೂ 400 ವ್ಯಾಟಿನ ಪ್ಯಾನಲ್ ಗಾಡಿ ಮ್ಯಾಲೆ ಅಂಗಾತ ಮಲಗಿದ್ರೂ ದೀಡ್ ಯೂನಿಟ್ ಸುಮಾರು ಕೊಡ್ತದ. ಆದ್ರ ಸಿಸ್ಸು ಗುಡ್ಡದ ನಡುವ ಇರೂ ಕಣಿವಿ, ಸೂರ್ಯಾ ತಡಾ ಬರ್ತಾನ, ಲಗೂ ಹೋಗ್ತಾನ, ಮ್ಯಾಲೆ ಹಿಮ ಕೂತ್ರಂತೂ ಪ್ಯಾನಲ್ ಕೊಡೂದು ಸೊನ್ನಿ. ಅದರ ಮ್ಯಾಲೆ ಭರೋಸಾ ಇಡಬ್ಯಾಡ್ರಿ.

ಇದಕ್ಕಿಂತ ದೊಡ್ಡ ಮಾತು ಬ್ಯಾರೆ ಅದ. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸೊನ್ನಿ ಡಿಗ್ರಿ ಕೆಳಗ ಇದ್ದಾಗ ಚಾರ್ಜ್ ಮಾಡಬಾರದು. ಕರೆಂಟ್ ತಗೀಬಹುದು, ತುಂಬಬಾರದು. ತುಂಬಿದ್ರ ಲಿಥಿಯಂ ಒಳಗಿನ ಪ್ಲೇಟಿನ ಮ್ಯಾಲೆ ಲೋಹ ಆಗಿ ಕೂತ್ಕೋತದ, ಬ್ಯಾಟರಿ ಕಾಯಂ ಕೆಡ್ತದ. ಛಲೋ ಬಿಎಂಎಸ್ ಇದ್ರ ತಾನ ತಡೀತದ, ಸೋವಿ ಬ್ಯಾಟರಿಯೊಳಗ ಆ ಸೆನ್ಸರ್ ಇರೂದ ಇಲ್ಲ. ನಮ್ಮ ಗಿರಾಕಿ ಒಬ್ರು ಲೇಹಕ್ಕ ಹೋಗಿ ಬಂದ್ರು, ಬ್ಯಾಟರಿ ಗಾಡಿ ಕೆಳಗ ಹೊರಗಿನ ಬಾಕ್ಸಿನ್ಯಾಗ ಇತ್ತು, ವಾಪಸ್ ಬಂದಮ್ಯಾಲೆ ಅಳದು ನೋಡಿದ್ರ 100 ಎಎಚ್ ಇದ್ದದ್ದು 60ಕ್ಕ ಇಳದಿತ್ತು. ನಿಮ್ದು ಮಂಚದ ಕೆಳಗ ಅದ ಅಂದ್ರಿ, ಛಲೋ ಮಾಡೀರಿ, ಅಲ್ಲೇ ಇರಲಿ, ಸುತ್ತಲೂ ಥರ್ಮಾಕೋಲ್ ಹಚ್ಚ್ರಿ.

ಮತ್ತ ಗಾಡಿ ಓಡೂಮುಂದ ಎಂಜಿನ್ನಿನ ಆಲ್ಟರ್ನೇಟರ್‌ನಿಂದ ತುಂಬಾಕ, ಕರೆಂಟಿಗೆ ಮಿತಿ ಹಾಕೂ ಡಿಸಿ-ಡಿಸಿ ಚಾರ್ಜರ್ ಹಾಕಿಸ್ರಿ. ನೇರ ವೈರ್ ಕೊಡಬ್ಯಾಡ್ರಿ, ಲಿಥಿಯಂ ಹಸದ ಎಮ್ಮಿ ಇದ್ದಂಗ, ಎಷ್ಟ್ ಕೊಟ್ರೂ ಎಳೀತದ, ಆಲ್ಟರ್ನೇಟರ್ ಸುಡ್ತದ. 30 ಆಂಪ್ಸಿಂದು ಹಾಕಿದ್ರ 400 ವ್ಯಾಟಿನ ಲೆಕ್ಕ, ದಿನಾ ನಾಕು ತಾಸು ಓಡಿಸಿದ್ರ ದೀಡ್ ಯೂನಿಟಿನ ಮ್ಯಾಲೆ ಬರ್ತದ. ಅಕ್ಕಾರು ಹೇಳಿದ ಚಾದರಿನ ಖರ್ಚು ಅದರಾಗ ಮುಗೀತದ.

ಟಿಳಕವಾಡಿ ಟ್ರಾವೆಲರ್

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನನಗ ಖರೇ ಹೇಳ್ಬೇಕಂದ್ರ ನಾಗಣ್ಣನ ಐಡಿಯಾನ ತಲಿಯಾಗಿತ್ತು, ಹೀಟರ್ ಕಾರ್ಟಿನ್ಯಾಗ ಹಾಕಿ ಇಟ್ಟಿದ್ದೆ. ತಗದು ಹಾಕಿದೆ. ಆದ್ರ ಒಂದು ಪ್ರಶ್ನೆ ಉಳೀತು, ಚಾದರ ಮಲಗೂದಕ್ಕ ಆತು, ಸಂಜಿ ಆರರಿಂದ ಹತ್ತರ ತನಕ ಕುಂತಿರ್ತೇವಿ, ಉಂತೇವಿ, ಮಗಳು ಅಭ್ಯಾಸ ಮಾಡ್ತಾಳ, ಮುಂಜಾನಿ ಎದ್ದು ಅಂಗಿ ಬದಲಿ ಮಾಡ್ಬೇಕು. ಆಗೇನು ಮಾಡೂದು?

ಘಟಪ್ರಭಾ ರೈಡರ್, ಗೋಕಾಕ

ನಾ ಎರಡು ಚಳಿಗಾಲ ಹಿಮಾಚಲದ ಸ್ಪಿತಿ ಕಡೆ ಕಳದೇನಿ, ಕಾಜಾದಾಗ ಮೈನಸ್ ಇಪ್ಪತ್ತು ನೋಡೇನಿ. ನೇರ ಹೇಳ್ತೇನಿ, ಪ್ಲಗ್ ಸಿಗದ ಜಾಗಾದಾಗ ಗಾಡಿ ಬಿಸಿ ಮಾಡೂದಿದ್ರ ಡೀಸೆಲ್ ಹೀಟರ್ ಹಾಕಿಸ್ರಿ. ವೆಬಾಸ್ಟೋ, ಎಬರ್‌ಸ್ಪೇಶರ್ ಅಂತ ಜರ್ಮನಿಯವು ದುಬಾರಿ, ಚೀನಾದವು ಸೋವಿ. ಗಾಡಿ ಟ್ಯಾಂಕಿನ ಡೀಸೆಲ್ಲೇ ಕುಡೀತೈತಿ, ಸಣ್ಣದಕ್ಕ ಇಟ್ರ ಎಂಟು ತಾಸಿಗೆ ಒಂದರಿಂದ ಎರಡು ಲೀಟರ್. ಬ್ಯಾಟರಿಯಿಂದ ತೊಗೊಳ್ಳೂದು ಫ್ಯಾನಿಗೆ, ಪಂಪಿಗೆ ಅಷ್ಟ, ಶುರು ಆಗೂಮುಂದ ಗ್ಲೋ ಪ್ಲಗ್ ಕಾಯಾಕ ಹತ್ತು ಆಂಪ್ಸ್, ಆಮ್ಯಾಲೆ ಒಂದೆರಡು ಆಂಪ್ಸ್.

ಟಿಳಕವಾಡಿ ಟ್ರಾವೆಲರ್

ರೈಡರ್ ಅಣ್ಣಾ, ತಪ್ಪು ತಿಳ್ಕೋಬ್ಯಾಡ್ರಿ, ಡೀಸೆಲ್ ಅಂದ್ರೂ ಬೆಂಕಿನ ಅಲ್ಲೇನ್ರಿ? ಒಂದ್ಸಲ ಸಾಯೂದು ತಪ್ಪೇತಿ, ಹೆಂಡ್ತಿ ಹೀಟರ್ ಅಂದ್ರ ಸಾಕು ಮಾರಿ ನೋಡೂದಿಲ್ಲ.

ಘಟಪ್ರಭಾ ರೈಡರ್

ಬೆಂಕಿ ಹೌದು, ಆದ್ರ ನಿಮ್ಮ ಜಾಳಗಿ ಹೀಟರ್ ಗಾಡಿಯೊಳಗಿನ ಗಾಳೀನ ತಿಂದು ಹೊಗಿ ಒಳಗ ಬಿಡ್ತಿತ್ತು. ಇದರಾಗ ಉರಿಯೂ ಕೋಣಿ ಪೂರ್ತಿ ಬ್ಯಾರೆ. ಹೊರಗಿನಿಂದ ಗಾಳಿ, ಹೊಗಿ ಪೈಪಿನಿಂದ ಹೊರಗ. ಒಳಗ ಬರೂದು ಬರೇ ಬಿಸಿಗಾಳಿ. ಫಿಟಿಂಗ್ ಕೆಟ್ಟ ಮಾಡಿದ್ರ ಮಾತ್ರ ಅಪಾಯ, ಆ ಹೊಗಿ ಪೈಪ್ ಬಾಗಲ ಕೆಳಗ ಬರಬಾರದು, ಹಿಮದಾಗ ಹುಗದು ಬಾಯಿ ಮುಚ್ಚಬಾರದು. ಕಾರ್ಬನ್ ಮೊನಾಕ್ಸೈಡ್ ಅನ್ನೂ ವಿಷಗಾಳಿ ಬಂದ್ರ ಕೂಗೂ ಅಲಾರಂ ಹಾಕಲೇಬೇಕು. ಗ್ಯಾಸ್ ಸೋರಿದ್ರ ವಾಸನಿ ಬರ್ತೈತಿ ಅಂತ ಧೈರ್ಯ ಇರ್ತೈತಲ್ಲ, ಆ ವಾಸನಿ ಕಂಪನಿಯವರು ಬೇಕಂತ ಸೇರಿಸಿದ್ದು. ಸುಟ್ಟಮ್ಯಾಲೆ ಬರೂ ಮೊನಾಕ್ಸೈಡಿಗೆ ವಾಸನಿನೂ ಇಲ್ಲ, ಬಣ್ಣಾನೂ ಇಲ್ಲ.

ತೊಂದ್ರಿನೂ ಹೇಳ್ತೇನಿ. ಎತ್ತರಕ್ಕ ಹೋದಂಗ ಗಾಳಿ ತೆಳ್ಳಗ, ಪಂಪು ಅಷ್ಟೇ ಡೀಸೆಲ್ ಹಾಕ್ತೈತಿ, ಕರಿ ಹಿಡದು ಬಂದ್ ಬೀಳ್ತೈತಿ. ಎತ್ತರಕ್ಕ ಹೊಂದಿಸ್ಕೊಳ್ಳೂ ಕಂಟ್ರೋಲರ್ ಇದ್ದದ್ದ ತೊಗೋಬೇಕು. ಆಮ್ಯಾಲೆ ನಮ್ಮ ಬೆಳಗಾವಿಯಾಗ ತುಂಬಿಸಿದ ಡೀಸೆಲ್ ಅಲ್ಲಿ ಮೇಣ ಹಿಡದು ಫಿಲ್ಟರ್ ಕಟ್ತೈತಿ. 2019ರಾಗ ಇಂಡಿಯನ್ ಆಯಿಲ್ ಲಡಾಖಿಗೆ ಅಂತ ಮೈನಸ್ 33 ಡಿಗ್ರಿಗೂ ಹರಿಯೂ ಡೀಸೆಲ್ ತಂದಿದ್ದು ಅದಕ್ಕ.

ಹಾಂ, ಗ್ಯಾಸ್ ಪರವಾಗಿ ಯಾರರ ಮಾತಾಡೂದಿದ್ರ, ನಮ್ಮ ದೇಶದ ಎಲ್‌ಪಿಜಿ ಶುದ್ಧ ಪ್ರೊಪೇನ್ ಅಲ್ಲ, ಬ್ಯೂಟೇನ್ ಕೂಡಿರ್ತೈತಿ. ಪ್ರೊಪೇನ್ ಮೈನಸ್ 42ರ ತನಕ ಆವಿ ಆಗ್ತೈತಿ, ಬ್ಯೂಟೇನ್ ಸೊನ್ನಿಗೇ ಕೈ ಎತ್ತತೈತಿ. ವಿದೇಶಿ ವಿಡಿಯೋದಾಗ ಹಿಮದಾಗ ಪ್ರೊಪೇನ್ ಹೀಟರ್ ಛಂದ ಉರಿಯೂದು ನೋಡಿ ನಮ್ಮ ಸಿಲಿಂಡರ್ ಒಯ್ದ್ರ ನಸುಕಿನ್ಯಾಗ ಪುಸ್ ಅಂತೈತಿ, ಸಿಲಿಂಡರಿನ್ಯಾಗ ಗ್ಯಾಸ್ ಇರ್ತೈತಿ, ಬರೂದಿಲ್ಲ. ಕಾಜಾದಾಗ ಮಂದಿ ಸಿಲಿಂಡರಿಗೆ ಕಂಬಳಿ ಸುತ್ತೂದು ನೋಡೇನಿ.

ನವನಗರ ನಾಗ

ಸರಿ, ನನ್ನ ಐಡಿಯಾ ಬಿದ್ದೋತು, ಒಪ್ಪಿದೆ. ಆದ್ರ ಹಾಟ್ ಅಂಡ್ ಕೋಲ್ಡ್ ಎಸಿ ಇರ್ತಾವಲ್ಲ, ಅವು ಒಂದು ಯೂನಿಟಿಗೆ ಮೂರು ಯೂನಿಟ್ ಬಿಸಿ ಕೊಡ್ತಾವ ಅಂತಾರ. ಇದೂ ಬಾಕ್ಸ್ ಬರದಾಂವನ ಸುಳ್ಳೇನ್ ಕಾಕಾ?

ಉದ್ಯಮಬಾಗ ವೈಂಡರ್

ಇದು ಮಾತ್ರ ಖರೇ. ಅದು ಬಿಸಿ ಹುಟ್ಟಸೂದಿಲ್ಲ, ಹೊರಗಿನ ಗಾಳಿಯಾಗಿನ ಬಿಸಿ ಎತ್ತಿ ಒಳಗ ಹಾಕ್ತೈತಿ, ಬಾವಿ ನೀರು ಪಂಪ್ ಎತ್ತಿದಂಗ. ಬೆಳಗಾವಿ ಥಂಡಿಗೆ ಒಂದಕ್ಕ ಮೂರು ಬರೋಬ್ಬರಿ ಬರ್ತೈತಿ. ಆದ್ರ ಹೊರಗ ಥಂಡಿ ಹೆಚ್ಚಾದಂಗ ಬಾವಿ ಆಳ ಆಗ್ತೈತಿ, ಸೊನ್ನಿ ಹತ್ತರ ಬಂದ್ರ ಹೊರಗಿನ ಕಾಯಿಲ್ ಮ್ಯಾಲೆ ಹಿಮಗಟ್ಟಿ ಕೂತು ಅದನ್ನ ಕರಗಸಾಕ ನಡುನಡುವ ಉಲ್ಟಾ ಓಡ್ತೈತಿ. ಸಾದಾ ಮಷೀನು ಮೈನಸ್ ಹತ್ತಕ್ಕ ಕೆಲಸಾನ ಮಾಡೂದಿಲ್ಲ. ದಾಂಡೇಲಿ, ಅಂಬೋಲಿ, ಊಟಿ ಅಷ್ಟ ತಿರಗೂದಿದ್ರ ಹಾಕಿಸ್ರಿ, ಬ್ಯಾಸಗಿಗೆ ಎಸಿನೂ ಆತು. ಸಿಸ್ಸುಕ್ಕ ಅಲ್ಲ.

ಈಗ ಟಿಳಕವಾಡಿಯವರು ಕೇಳಿದ್ದಕ್ಕ ಬರ್ತೇನಿ. ಸಂಜಿ ನಾಕು ತಾಸಿಗೆ ನನ್ನ ಪ್ರಕಾರ ಪ್ಲಗ್ ಇರೂ ಜಾಗಾ ಹುಡಕ್ರಿ. ಹೋಂಸ್ಟೇ ಅಂಗಳದಾಗ ನಿಲ್ಲಸ್ರಿ, ಒಂದಿಷ್ಟ್ ರೊಕ್ಕ ಕೊಟ್ಟು ವೈರ್ ಎಳಕೊಳ್ರಿ. ಪ್ಲಗ್ ಸಿಕ್ತಂದ್ರ ಕರೆಂಟಿನಂಥಾ ಸುಖ ಇಲ್ಲ: ಹೊಗಿ ಇಲ್ಲ, ಪಸಿ ಇಲ್ಲ. ಪಸಿ ಅಂದ್ರ ನೆನಪಾತು, ಒಂದು ಕಿಲೋ ಪ್ರೊಪೇನ್ ಸುಟ್ರ 1.6 ಕಿಲೋ ನೀರ ಆವಿ ಬರ್ತೈತಿ, ಅಷ್ಟೂ ನಿಮ್ಮ ತಗಡಿಗೆ ಬೆವರಾಗಿ ಕೂತು ಹಾಸಗಿ ಹಸಿ. ಹೋದ ವರ್ಷ ಕೌದಿ ಹಸಿ ಆಗಿತ್ತೋ ಇಲ್ಲೋ ಕೇಳ್ರಿ ವೈನಿಯವರಿಗೆ.

ಪ್ಲಗ್ಗಿನ ಬಗ್ಗೆ ಮೂರು ಮಾತು, ನನ್ನ ಕೈ ಸುಟ್ಟ ಮಾತು. ಮಂದಿ ಮನಿಯಾಗಿನ ಸಾದಾ ಸಣ್ಣ ಪಿನ್ ಸಾಕೆಟ್ 6 ಆಂಪ್ಸಿಂದು, 1000 ವ್ಯಾಟಿನ ಮ್ಯಾಲೆ ಹೀಟರ್ ಹಚ್ಚಬ್ಯಾಡ್ರಿ. 2000 ವ್ಯಾಟಿಂದಕ್ಕ ಗೀಝರ್ ಹಚ್ಚೂ 16 ಆಂಪ್ಸ್ ಪಾಯಿಂಟ್ ಬೇಕು. ಆಮ್ಯಾಲೆ ಎಕ್ಸ್‌ಟೆನ್ಶನ್ ವೈರ್ ಚಕ್ರಕ್ಕ ಸುತ್ತಿದ್ದು ಇರ್ತೈತಲ್ಲ, ಅದನ್ನ ಪೂರ್ತಿ ಬಿಚ್ಚಿ ನೆಲದ ಮ್ಯಾಲೆ ಹಾಸ್ರಿ. ಸುತ್ತಿದ್ದ ವೈರಿನ ಮ್ಯಾಲೆ ಹೀಟರ್ ಓಡಸಿದ್ರ ಬಿಸಿ ಹೊರಗ ಹೋಗೂದಿಲ್ಲ, ನಡುವಿನ ವೈರ್ ಕರಗಿ ಒಂದಕ್ಕೊಂದು ಅಂಟತೈತಿ. ಇಂಥವು ತಿಂಗಳಿಗೊಂದು ನನ್ನ ಅಂಗಡಿಗೆ ಬರ್ತಾವ, "ಕಾಕಾ ರಿಪೇರಿ ಆಗ್ತೈತೇನು" ಅಂತ. ಮೂರನೇದು ಅರ್ತಿಂಗ್. ತಗಡಿನ ಗಾಡಿ, ರಬ್ಬರ್ ಟಾಯರ್ ಮ್ಯಾಲೆ ನಿಂತಿರ್ತೈತಿ, ಒಳಗ ಫೇಸ್ ಮುಟ್ಟಿದ್ರ ಇಡೀ ಗಾಡಿಗೆ ಕರೆಂಟ್ ನಿಂತಿರ್ತೈತಿ, ನೀವು ಹಸಿ ನೆಲದಾಗ ನಿಂತು ಬಾಗಲ ಹಿಡದ್ರ ಮುಗೀತು. ಗಾಡಿಯೊಳಗ 30 ಮಿಲಿಆಂಪ್ಸಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಕಟ್ ಮಾಡೂ ಸ್ವಿಚ್) ಹಾಕಿಸ್ರಿ, ಅರ್ತ್ ವೈರ್ ಗಾಡಿ ತಗಡಿಗೆ ಬಿಗೀರಿ. ಇದರಾಗ ರೊಕ್ಕ ಉಳಸಬ್ಯಾಡ್ರಿ.

ಘಟಪ್ರಭಾ ರೈಡರ್

ಗುಡ್ಡದ ಊರಾಗ ವೋಲ್ಟೇಜ್ ಭಾಳ ಕಡಿಮಿ ಇರ್ತೈತಿ ಕಾಕಾ, ಸಂಜಿಗೆ ಎಲ್ಲಾರೂ ಹೀಟರ್ ಹಚ್ತಾರ. 2000 ವ್ಯಾಟಿನ ಹೀಟರ್ ಹಚ್ಚಿದ್ರೂ ಬಿಸಿನ ಬರವಲ್ದು ಅಂತ ನಾ ಹೀಟರ್ ಕೆಟ್ಟೈತಿ ಅನ್ಕೊಂಡಿದ್ದೆ.

ಉದ್ಯಮಬಾಗ ವೈಂಡರ್

ಹೀಟರ್ ಕೆಟ್ಟಿಲ್ಲ, ಲೈನ್ ಕೆಟ್ಟೈತಿ. 230 ಇರೂ ಕಡೆ 180 ಬಂದ್ರ ವೋಲ್ಟೇಜಿನ ವರ್ಗದ ಲೆಕ್ಕಕ್ಕ ಬಿಸಿ ಇಳೀತೈತಿ, 2000 ವ್ಯಾಟಿಂದು ಹನ್ನೆರಡು ನೂರು ಕೊಡ್ತೈತಿ. ಬಿಲ್ಲೂ ಅಷ್ಟ ಬರ್ತೈತಿ, ಅದೊಂದು ಸಮಾಧಾನ.

ಇಳಕಲ್ ಅಕ್ಕ

ಟಿಳಕವಾಡಿ ತಮ್ಮಾ, ಕಿಡಕಿಗೆ ಏನ್ ಮಾಡೀರಿ? ಟ್ರಾವೆಲರಿನ ಕಾಚು ದೊಡ್ಡವು, ಅರ್ಧ ಥಂಡಿ ಅಲ್ಲಿಂದನ ಬರೂದು. ನಾನು ಓಮ್ನಿಗೆ ಕಿಡಕಿ ಅಳತಿಗೆ ಸಣ್ಣ ಸಣ್ಣ ಕೌದಿ ಹೊಲದೇನಿ, ನಡುವ 10 ಎಂಎಂ ಎಕ್ಸ್‌ಎಲ್‌ಪಿಇ ಫೋಮ್ ಇಟ್ಟು, ಎರಡೂ ಕಡೆ ಹಳೇ ಸೀರಿ, ಅಂಚಿಗೆ ಲೋಹಚುಂಬಕ. ತಗಡಿಗೆ ಟಕ್ ಅಂತ ಕುಂದರ್ತಾವ, ಮುಂಜಾನಿ ತಗದು ಹಾಸಗಿ ಕೆಳಗ ಇಟ್ರಾತು. ಸಂದಿ ಮಾತ್ರ ಪೂರ್ತಿ ಬಂದ್ ಮಾಡಬ್ಯಾಡ್ರಿ, ಮ್ಯಾಲಿನ ಗಾಳಿಕಿಂಡಿ ಎರಡು ಬೆರಳು ತಗದಿಡ್ರಿ, ಕರೆಂಟಿನ ಹೀಟರ್ ಇದ್ರೂ ನಾಕು ಮಂದಿ ಉಸರಿನ ಪಸಿ ಹೊರಗ ಹೋಗ್ಬೇಕಲ್ಲ. ಅಳತಿ ಕಳಸ್ರಿ, ನಮ್ಮ ಓಣಿ ಹೆಣ್ಮಕ್ಕಳು ಹೊಲದು ಕೊಡ್ತಾರ, ಕೂಲಿ ಕೊಡ್ಬೇಕು ಮತ್ತ.

ಟಿಳಕವಾಡಿ ಟ್ರಾವೆಲರ್

ಅಕ್ಕಾರ, ಅಳತಿ ಮೆಸೇಜ್ ಮಾಡೇನ್ರಿ, ಎಂಟು ಕಿಡಕಿ. ಕೂಲಿ ನೀವು ಹೇಳಿದಷ್ಟು.

ಟಿಳಕವಾಡಿ ಟ್ರಾವೆಲರ್ (ಮೂರು ವಾರ ಆದಮ್ಯಾಲೆ)

ಟೆಸ್ಟ್ ಮಾಡಿದೆ, ಅದಕ್ಕ ಮತ್ತ ಉದ್ದ ಬರೀತೇನಿ. ಹೆಂಡ್ತಿ ತವರುಮನಿ ವಿಜಯಪುರ, ಸೋಲಾಪುರ ರಸ್ತಾದ ಕಡೆ ಅವರ ಹೊಲ. ಬೆಳಗಾವಿಕಿಂತ ಅಲ್ಲಿ ನಸುಕಿನ ಥಂಡಿ ಜೋರು, ಅದಕ್ಕ ಬೇಕಂತ ಅಲ್ಲೇ ಗಾಡಿ ನಿಲ್ಲಿಸಿ ಮಲಗಿದ್ವಿ. ಹೊರಗ ನಮ್ಮ ಥರ್ಮಾಮೀಟರ್ ಹನ್ನೊಂದು ತೋರಸ್ತಿತ್ತು.

ಮೊದಲನೇ ರಾತ್ರಿ ಕಿಡಕಿ ಕೌದಿ ಹಾಕದ, ಹೊಲದ ಮನಿ ಪ್ಲಗ್ಗಿನಿಂದ 1000 ವ್ಯಾಟಿನ ಪಿಟಿಸಿ ಹೀಟರ್. ಒಂದು ತಾಸಿಗೆ ಒಳಗ 20 ಆತು, ಬಂದ್ ಮಾಡಿ ಅರ್ಧ ತಾಸಿಗೆ ಮತ್ತ 15. ಎರಡನೇ ರಾತ್ರಿ ಅಕ್ಕನ ಕೌದಿ ಎಂಟೂ ಕಿಡಕಿಗೆ, ಡ್ರೈವರ್ ಹಿಂದ ದಪ್ಪ ಪಡದಾ, ಟಪ್ಪಿಗೆ ಒಂದಿಂಚ ಫೋಮ್ ಹೊಡಿಸಿದ್ದೆ. ಅದ ಹೀಟರ್, ತಾಸಿನ್ಯಾಗ 24. ಬಂದ್ ಮಾಡಿದ ಮ್ಯಾಲೆ 15ಕ್ಕ ಬರಾಕ ಎರಡು ತಾಸಿನ ಮ್ಯಾಲೆ ಹಿಡೀತು. ಹೀಟರಿಗಿಂತ ಕೌದಿಗೆ ರೊಕ್ಕ ಕೊಟ್ಟಿದ್ದು ಫಲ ಆತು.

ಆಮ್ಯಾಲೆ ಪ್ಲಗ್ ತಗದು ಬರೇ ಬ್ಯಾಟರಿ ಮ್ಯಾಲೆ ಮೂರು ಕಾಯೂ ಚಾದರ. ವೈಂಡರ್ ಕಾಕಾ ವೈರಿಗೆ ಹಿಡದು ಕರೆಂಟ್ ಅಳಿಯೂ ತಮ್ಮ ಡಿಸಿ ಕ್ಲ್ಯಾಂಪ್ ಮೀಟರ್ ಕೊಟ್ಟಿದ್ರು (ಸಾದಾ ಎಸಿ ಕ್ಲ್ಯಾಂಪ್ ಬ್ಯಾಟರಿ ವೈರಿಗೆ ಹಿಡದ್ರ ಸೊನ್ನಿ ತೋರಸ್ತೈತಿ ಅಂತ ನನಗ ಗೊತ್ತಿರಲಿಲ್ಲ, ಅರ್ಧ ದಿನ ಬ್ಯಾಟರಿ ಕೆಟ್ಟೈತಿ ಅಂತ ಕುಂತಿದ್ದೆ). ರಾತ್ರಿ ಹತ್ತರಿಂದ ಮುಂಜಾನಿ ಆರು, ಒಟ್ಟು 62 ಎಎಚ್ ಹೋತು. ಒಂದು ಯೂನಿಟೂ ಆಗಲಿಲ್ಲ. ಗಾಡಿಯೊಳಗ 14 ಡಿಗ್ರಿ ಇತ್ತು, ಅವ್ವ ಒಮ್ಮೆನೂ ಏಳಲಿಲ್ಲ. ಮುಂಜಾನಿ ಹಾಸಗ್ಯಾಗಿಂದ ಚಾ ಕೇಳಿದ್ಲು. ಚಾ ಇಂಡಕ್ಷನ್ ಮ್ಯಾಲೆ ಮಾಡೂದು ಕಲತೇವಿ, ಒಂದು ಲೀಟರಿಗೆ ಹತ್ತು ಹನ್ನೊಂದು ಎಎಚ್ ತಿಂತು.

ಒಂದು ಗಡಬಡ ಆತು. ಇನ್ವರ್ಟರ್ ಮ್ಯಾಲೆ ಹೀಟರ್ ಒಂದು ಹತ್ತು ನಿಮಿಷ ನೋಡೂಣಂತ ಹಚ್ಚಿದ್ದೆ, ಸುಟ್ಟ ವಾಸನಿ ಬಂತು. ಮುಟ್ಟಿ ನೋಡಿದ್ರ ಬ್ಯಾಟರಿ ವೈರಿನ ತುದಿಯ ಲಗ್ (ನಟ್ಟಿಗೆ ಬಿಗಿಯೂ ಬಳಿ) ಕೈ ಇಡದಂಗ ಕಾದಿತ್ತು. ಫಿಟಿಂಗ್ ಮಾಡಿದವರು ನಟ್ಟು ಕೈಲೇ ಬಿಗದು ಬಿಟ್ಟಿದ್ರು.

ಉದ್ಯಮಬಾಗ ವೈಂಡರ್

ಅದ ನಾ ಹೇಳಿದ ಊದಿನಕಡ್ಡಿ ವಾಸನಿ. 1000 ವ್ಯಾಟಿಗೆ 12 ವೋಲ್ಟಿನ ಕಡೆ 90 ಆಂಪ್ಸ್ ಹತ್ತರ ಹರೀತೈತಿ. ಮನಿಯಾಗ 90 ಆಂಪ್ಸ್ ಯಾರೂ ನೋಡೂದಿಲ್ಲ, ಗಾಡಿಯೊಳಗ ಒಂದು ಹೀಟರಿಗೆ ಬರ್ತೈತಿ. ವೈರ್ 35 ಚದರ ಎಂಎಂ ತಾಮ್ರದ್ದು ಹಾಕಿಸ್ರಿ, ಲಗ್ ಪ್ರೆಸ್ ಮಷೀನಿನ್ಯಾಗ ಒತ್ತಿಸಬೇಕು, ಸುತ್ತಿಗಿಲೇ ಬಡದದ್ದಲ್ಲ, ಬ್ಯಾಟರಿ ಪ್ಲಸ್ ಹತ್ತರನ ಫ್ಯೂಸ್. ಗಾಡಿ ಅಂಗಡಿಗೆ ತೊಗೊಂಡ್ ಬರ್ರಿ, ಆಯತ್ವಾರ ಬಿಟ್ಟು ಯಾವಾಗರ.

ಗುಮ್ಮಟದ ಹುಡುಗ

ನಮ್ಮೂರಿಗೆ ಬಂದು ಹೇಳದ ಹೋಗೀರಲ್ಲ ಅಣ್ಣಾ! ಸಿಸ್ಸುದ್ದು ಏನ್ ಮಾಡಿದ್ರಿ ಮತ್ತ, ಡೀಸೆಲ್ ಹೀಟರ್ ಹಾಕಸ್ತೀರೇನು?

ಟಿಳಕವಾಡಿ ಟ್ರಾವೆಲರ್

ಮುಂದಿನ ಸಲ ಅಂಗಡಿಗೆ ಬಂದ ಹೋಗ್ತೇನಿ ತಮ್ಮಾ. ಈ ವರ್ಷಕ್ಕ ಡೀಸೆಲ್ ಹೀಟರ್ ಇಲ್ಲ. ಹೋಂಸ್ಟೇ ಅಂಗಳ ಮಾತಾಡೇನಿ, 16 ಆಂಪ್ಸ್ ಪಾಯಿಂಟ್ ಐತಂತ, ಸಂಜಿಗೆ 1000 ವ್ಯಾಟಿನ ಹೀಟರ್, ರಾತ್ರಿ ಚಾದರ. ಲೈನ್ ಹೋತಂದ್ರ ಅವರ ಒಂದು ಖೋಲಿನೂ ಹಿಡದೇನಿ. ಅವ್ವಗ ನೀ ಖೋಲಿಯೊಳಗನ ಮಲಗು, ಅಲ್ಲಿ ಕಟಗಿ ಒಲಿ ಇರ್ತೈತಿ ಅಂದೆ. "ಹಂಗಾರ ಇಷ್ಟ್ ರೊಕ್ಕ ಹಾಕಿ ಗಾಡಿ ಯಾಕ ಮಾಡ್ಸಿದಿ, ನಾ ಗಾಡಿಯಾಗನ ಮಲಗಾಕಿ" ಅಂತ ಕುಂತಾಳ.

ಘಟಪ್ರಭಾ ರೈಡರ್

ಅವ್ವನ ಮಾತ ನಡೀತೈತಿ ಬಿಡ್ರಿ. ಮೊನಾಕ್ಸೈಡ್ ಅಲಾರಂ ಮಾತ್ರ ಒಯ್ರಿ, ಆ ಖೋಲಿಯಾಗಿನ ಕಟಗಿ ಒಲಿಗೂ ಬೇಕಾಗ್ತೈತಿ.

ಇಳಕಲ್ ಅಕ್ಕ

ಕೌದಿಯಾಗಿಂದ ಒಂದು ಅಂಚಿನ ಲೋಹಚುಂಬಕ ಬಿಚ್ಚೇತಿ ಅಂತ ಮೆಸೇಜ್ ಮಾಡಿದ್ರಲ್ಲ, ಇನ್ನೆರಡು ಜಾಸ್ತಿ ಹೊಲಸಿ ಬಸ್ ಪಾರ್ಸಲ್ ಹಾಕೇನಿ, ನಾಳೆ ಬೆಳಗಾವಿ ಬಸ್‌ಸ್ಟ್ಯಾಂಡಿಗೆ ಬರ್ತೈತಿ. ಅವ್ವಾರಿಗೆ ಒಂದು ಕೌದಿ ಬ್ಯಾರೆ ಇಟ್ಟೇನಿ, ಅದಕ್ಕ ಕೂಲಿ ಬ್ಯಾಡ.

ಉದ್ಯಮಬಾಗ ವೈಂಡರ್

ಬಸ್‌ಸ್ಟ್ಯಾಂಡಿಗೆ ಹೊಂಟೀರಂದ್ರ ಹಂಗ ನನ್ನ ಕ್ಲ್ಯಾಂಪ್ ಮೀಟರ್ ಕೊಟ್ಟು ಹೋಗ್ರಿ ಮಾರಾಯ್ರ, ಎರಡು ವಾರ ಆತು, ಗಿರಾಕಿ ಮುಂದ ಅಂದಾಜಿಲೇ ಹೇಳಾಕತ್ತೇನಿ.